ಅಪರಾಧದ ಅಂಕಿಗಳಲ್ಲಿ ಊರನ್ನು, ವಯಸ್ಸನ್ನು ಹುಡುಕುವ ಮುನ್ನ
ಪತ್ರಿಕೆಯೊಂದರ ದತ್ತಾಂಶ ವಿಭಾಗದಲ್ಲಿ ನನ್ನ ಕೆಲಸ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿ ಬಂದ ದಿನ ಸುದ್ದಿಮನೆಯಲ್ಲಿ ಕೇಳಿಬರುವುದು ‘ಯಾವ ರಾಜ್ಯ ಮೊದಲ ಸ್ಥಾನದಲ್ಲಿದೆ?’ ಎಂಬ ಪ್ರಶ್ನೆ. ಇದಕ್ಕೆ ಉತ್ತರಿಸಲು ನಾನು ಅವಸರಪಡುವುದಿಲ್ಲ. ಆ ಕೋಷ್ಟಕಗಳಲ್ಲಿರುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳು ಮಾತ್ರ. ಪ್ರಕರಣ ದಾಖಲಿಸದೆ ಠಾಣೆಯವರು ಬರೆದುಕೊಟ್ಟ ಹಿಂಬರಹವನ್ನಷ್ಟೇ ಪಡೆದು ಮನೆಗೆ ಮರಳಿದವರು ಅದರಲ್ಲಿಲ್ಲ.

2020ರ ವರದಿಯನ್ನೇ ನೋಡಿ. ದೇಶದಲ್ಲಿ ದಾಖಲಾದ ಪ್ರಕರಣಗಳು ಹಿಂದಿನ ವರ್ಷದ 51.6 ಲಕ್ಷದಿಂದ 66 ಲಕ್ಷಕ್ಕೆ ಏರಿದವು. ಲಾಕ್‌ಡೌನ್‌ನಿಂದ ಜನ ಮನೆಯೊಳಗಿದ್ದ ವರ್ಷವದು. ಕಳವು ಪ್ರಕರಣಗಳು ಇಳಿದಿದ್ದವು. ಆದರೆ ಸರ್ಕಾರಿ ಆದೇಶ ಉಲ್ಲಂಘನೆಯ ಐಪಿಸಿ 188ನೇ ಕಲಂ ಅಡಿಯ ಪ್ರಕರಣಗಳು 29,469ರಿಂದ 6,12,179ಕ್ಕೆ ಜಿಗಿದಿದ್ದವು. ಆ ಸಾಲನ್ನು ಬೇರ್ಪಡಿಸದೆ ‘ಅಪರಾಧ ಭಾರಿ ಏರಿಕೆ’ ಎಂದು ಬರೆದರೆ ಓದುಗರಿಗೆ ಮಾಡುವ ಅನ್ಯಾಯ.

ರಾಜ್ಯಗಳ ಹೋಲಿಕೆಗೂ ಇದೇ ಎಚ್ಚರ ಬೇಕು. ಪಾನನಿಷೇಧವಿರುವ ಗುಜರಾತ್‌ನಲ್ಲಿ, 2016ರಿಂದ ಬಿಹಾರದಲ್ಲಿ, ಕೈಯಲ್ಲಿ ಒಂದು ಬಾಟಲಿ ಸಿಕ್ಕರೆ ಪ್ರಕರಣ. ಪಕ್ಕದ ಜಾರ್ಖಂಡ್‌ನಲ್ಲಿ ಅದೇ ಬಾಟಲಿ ಅಂಗಡಿಯ ಸರಕು. ದೆಹಲಿಯಲ್ಲಿ 2015ರಿಂದ ವಾಹನ ಕಳವಿಗೆ ಆನ್‌ಲೈನ್‌ನಲ್ಲೇ ಎಫ್‌ಐಆರ್ ದಾಖಲಿಸಬಹುದು. ದೂರು ಕೊಡುವ ದಾರಿ ಸಲೀಸಾದಷ್ಟೂ ಅಂಕಿ ಏರುತ್ತದೆ. ಅದು ಒಳ್ಳೆಯ ಆಡಳಿತದ ಲಕ್ಷಣವೂ ಆಗಿರಬಹುದು.

ಎಣಿಕೆಯ ನಿಯಮವೂ ಇದೆ. ಮನೆಗೆ ನುಗ್ಗಿ, ಒಡವೆ ದೋಚಿ, ಮನೆಯವರನ್ನು ಕೊಂದ ಪ್ರಕರಣದ ಎಫ್‌ಐಆರ್‌ನಲ್ಲಿ ಹಲವು ಕಲಂಗಳಿರುತ್ತವೆ. ವರದಿಯಲ್ಲಿ ಅದು ಕೊಲೆಯ ಲೆಕ್ಕಕ್ಕೆ ಮಾತ್ರ ಸೇರುತ್ತದೆ, ಏಕೆಂದರೆ ಅತಿ ಗಂಭೀರವಾದ ಒಂದನ್ನಷ್ಟೇ ಎಣಿಸುವುದು ಪದ್ಧತಿ.

ದಾಖಲಾಗದ್ದರ ಪ್ರಮಾಣ ಎಷ್ಟೆಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ಶೇ 44.4ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6. ಇವರಲ್ಲಿ ಎಷ್ಟು ಜನ ಠಾಣೆಯ ಮೆಟ್ಟಿಲು ಹತ್ತಿಯಾರು? ದೇಶದಾದ್ಯಂತ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ನೆರವು ಕೋರಿದವರೇ ಶೇ 14. ಪೊಲೀಸರ ಕೋಷ್ಟಕವನ್ನು ಮಾತ್ರ ನೋಡುವವರಿಗೆ ಈ ಮನೆಗಳು ಕಾಣುವುದೇ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ‘ಅಪರಾಧಿಗಳ ವಯಸ್ಸು, ಜಾತಿ, ಧರ್ಮ’ ಎಂಬ ಶೀರ್ಷಿಕೆ. ವಯಸ್ಸಿನ ಕೋಷ್ಟಕದಲ್ಲಿರುವುದು ಬಂಧಿತರು. ಹದಿನೇಳರ ಹುಡುಗಿ ತಾನು ಮೆಚ್ಚಿದವನೊಂದಿಗೆ ಮನೆ ಬಿಟ್ಟು ಹೋದರೂ ಹೆತ್ತವರ ದೂರಿನ ಮೇಲೆ ಅದು ಅಪಹರಣ. ಕಾಣೆಯಾದ ಮಕ್ಕಳ ಪ್ರಕರಣಗಳನ್ನು ಅಪಹರಣವೆಂದೇ ಭಾವಿಸಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಮಕ್ಕಳ ರಕ್ಷಣೆಗೆ ಅಗತ್ಯವಾದ ಆದೇಶವದು. ಆದರೆ ‘ಯುವಕರಲ್ಲಿ ಅಪಹರಣ ಪ್ರವೃತ್ತಿ ಹೆಚ್ಚಳ’ ಎಂದು ಬರೆಯುವವರು ಆ ಸಾಲಿನಲ್ಲಿ ಇಂಥ ಹುಡುಗರೂ ಇದ್ದಾರೆಂದು ತಿಳಿದಿರಬೇಕು.

ಜಾತಿ, ಧರ್ಮ, ವಿದ್ಯಾಭ್ಯಾಸದ ವಿವರ ಸಿಗುವುದು ಜೈಲು ಅಂಕಿಅಂಶಗಳಲ್ಲಿ. 2022ರ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ! ಜಾಮೀನಿಗೆ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರ ಪಟ್ಟಿಯಿಂದ ಒಂದು ಸಮುದಾಯದ ಗುಣವನ್ನು ಅಳೆಯುವುದನ್ನು ನಾನು ಒಪ್ಪಲಾರೆ. ಅಂಥ ಗ್ರಾಫ್ ಕೇಳಿದಾಗಲೆಲ್ಲ ಸಜಾಬಂಧಿಗಳು, ವಿಚಾರಣಾಧೀನರು ಎಂದು ಎರಡು ಮಾಡಿಯೇ ಕೊಡುತ್ತೇನೆ.

ಇನ್ನು ಲಕ್ಷ ಜನಸಂಖ್ಯೆಗೆ ಇಷ್ಟು ಎಂಬ ಅಪರಾಧ ದರ. 2022ರ ವರದಿಯಲ್ಲೂ ಮಹಾನಗರಗಳ ದರಕ್ಕೆ ಬಳಸಿದ್ದು 2011ರ ಜನಗಣತಿಯನ್ನೇ. ಅಂದರೆ ಬೆಂಗಳೂರಿಗೆ ಸುಮಾರು 85 ಲಕ್ಷ ಜನ. ಊರು ಅಷ್ಟಕ್ಕೇ ನಿಂತಿಲ್ಲವೆಂಬುದು ಎಲ್ಲರಿಗೂ ಗೊತ್ತು. ಪ್ರಕರಣಗಳು ಇಂದಿನ ಜನರವು, ಭಾಗಿಸುವ ಸಂಖ್ಯೆ ಅಂದಿನದು. ಆದ್ದರಿಂದ ನಗರಗಳ ಶ್ರೇಯಾಂಕವನ್ನು ಕೈಬಿಟ್ಟು, ಒಂದೇ ನಗರದಲ್ಲಿ ಒಂದೇ ಬಗೆಯ ಪ್ರಕರಣ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂಬುದನ್ನಷ್ಟೇ ಪುಟಕ್ಕೆ ಕಳುಹಿಸುತ್ತೇನೆ. ಆ ನಡುವೆ ಕಾನೂನು ಅಥವಾ ದೂರು ಸ್ವೀಕರಿಸುವ ಕ್ರಮ ಬದಲಾಗಿದ್ದರೆ ಗ್ರಾಫ್‌ನ ಆ ವರ್ಷದ ಮೇಲೇ ಅದನ್ನು ಬರೆಯುತ್ತೇನೆ.