ಗ್ರಾಂಡ್ ಪಿಯಾನೋದ ಆಕ್ಷನ್ ಹೊಂದಾಣಿಕೆ: ಡ್ಯಾಂಪರ್ ಹೊರತು ಉಳಿದದ್ದು

ಹಿಂದಿನ ಟಿಪ್ಪಣಿ ಬರೆಯುವ ಹೊತ್ತಿಗೆ ನಮ್ಮ ಮನೆಯ ಗ್ರಾಂಡ್ ಪಿಯಾನೋದ ಆಕ್ಷನ್ನನ್ನು, ಅಂದರೆ ಕೀ ಒತ್ತಿದಾಗ ಹ್ಯಾಮರ್ ಎಂಬ ಫೆಲ್ಟ್ ಹೊದಿಸಿದ ಸುತ್ತಿಗೆ ತಂತಿಗೆ ಬಡಿಯುವಂತೆ ಮಾಡುವ ಯಂತ್ರಭಾಗವನ್ನು, ಹೊರಗೆಳೆದು, ದೂಳು ತೆಗೆದು, ಸಡಿಲವಾಗಿದ್ದ ಸ್ಕ್ರೂಗಳನ್ನು ಬಿಗಿಮಾಡಿ ಮುಗಿಸಿದ್ದೆ. ಈಗ ತಂತಿಗಳ ನಾದವನ್ನು ತಡೆದು ನಿಲ್ಲಿಸುವ ಡ್ಯಾಂಪರ್‌ಗಳನ್ನು ಬಿಟ್ಟು ಉಳಿದೆಲ್ಲ ಹೊಂದಾಣಿಕೆ ಒಂದು ಹದಕ್ಕೆ ಬಂದಿದೆ. ಪಿಯಾನೋ ಜಪಾನಿನಲ್ಲಿ ತಯಾರಾದದ್ದು. ಹ್ಯಾಮರ್‌ಗಳ ಫೆಲ್ಟನ್ನು ಹಿಂದೆ ಯಾರೋ ಒಮ್ಮೆ ಉಜ್ಜಿ ಆಕಾರಕ್ಕೆ ತಂದ ಗುರುತುಗಳಿವೆ. ಈ ಉಜ್ಜಾಟದ ಪರಿಣಾಮ ಕೆಳಗೆ ಬರುತ್ತದೆ.

ಪಿಯಾನೋ ನುಡಿಸುವವಳು ನನ್ನ ತಂಗಿ. ಕೀಗಳು ಭಾರವಾಗಿವೆ, ಒಂದೇ ಸ್ವರವನ್ನು ಬೇಗ ಬೇಗ ನುಡಿಸಿದರೆ ಎರಡನೆಯ ಪೆಟ್ಟು ಬೀಳುವುದೇ ಇಲ್ಲ ಎಂಬುದು ಅವಳ ದೂರಾಗಿತ್ತು. ಕೀ ಭಾರ ಎಂದೊಡನೆ ಕೀಯ ಮುಂಭಾಗವನ್ನು ಕೊರೆದು ಸೀಸ ತುಂಬಿಸಬೇಕೆಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಅಳತೆ ಮಾಡದೆ ಸೀಸ ಸೇರಿಸುವುದು ನನಗೆ ಒಪ್ಪಿಗೆಯಾಗುವ ಕೆಲಸವಲ್ಲ, ಏಕೆಂದರೆ ಕೊರೆದ ಮರ ಮತ್ತೆ ಮೊದಲಿನಂತಾಗುವುದಿಲ್ಲ, ಹೆಚ್ಚಿದ ಸೀಸವೂ ಮೆಲ್ಲಗೆ ಒತ್ತುವಾಗ ಹಗುರವೆನಿಸಿದರೂ ಜೋರಾಗಿ, ವೇಗವಾಗಿ ನುಡಿಸುವಾಗ ಬೆರಳಿಗೆ ಎಳೆದಂತಾಗುತ್ತದೆ.

ಅಳೆಯುವ ವಿಧಾನ ಸರಳವಾಗಿದೆ. ಡ್ಯಾಂಪರ್‌ಗಳ ಭಾರ ಲೆಕ್ಕಕ್ಕೆ ಬಾರದಂತೆ ಬಲಗಡೆಯ ಪೆಡಲನ್ನು ಒತ್ತಿ ಹಿಡಿದು, ಕೀಯ ತುದಿಯ ಮೇಲೆ ಗ್ರಾಂ ತೂಕದ ಬಟ್ಟುಗಳನ್ನು ಇಡುತ್ತಾ ಹೋಗಬೇಕು. ಕೀ ನಿಧಾನವಾಗಿ ಇಳಿಯಲು ಬೇಕಾಗುವ ಕನಿಷ್ಠ ತೂಕ ಒಂದು, ಇಳಿದ ಕೀ ತಾನಾಗಿಯೇ ಎತ್ತಬಲ್ಲ ಗರಿಷ್ಠ ತೂಕ ಇನ್ನೊಂದು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಘರ್ಷಣೆಯನ್ನು ಬಿಟ್ಟ ನಿಜವಾದ ಸಮತೋಲನದ ತೂಕ ಸಿಗುತ್ತದೆ. ವ್ಯತ್ಯಾಸವನ್ನು ಅರ್ಧ ಮಾಡಿದರೆ ಘರ್ಷಣೆ ಸಿಗುತ್ತದೆ. ನಡು ಭಾಗದ ಸಿ ಸ್ವರದಲ್ಲಿ ಇಳಿಯುವ ತೂಕ 60 ಗ್ರಾಂ, ಏರುವ ತೂಕ 16 ಗ್ರಾಂ ಇತ್ತು. ಅಂದರೆ ಸಮತೋಲನ 38, ಘರ್ಷಣೆ 22. ಸಮತೋಲನದಲ್ಲಿ ದೋಷವಿಲ್ಲ. ಘರ್ಷಣೆ ಮಾತ್ರ ಆ ಜಾಗದಲ್ಲಿ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಅಕ್ಕಪಕ್ಕದ ಕೀಗಳಲ್ಲೂ ಚಿತ್ರ ಇದೇ ಆದ್ದರಿಂದ ಸೀಸದ ಮಾತನ್ನು ಅಲ್ಲಿಗೇ ಕೈಬಿಟ್ಟೆ.

ಘರ್ಷಣೆ ಅಡಗಿರುವ ಜಾಗಗಳು ಮೂರು ನಾಲ್ಕು ಇವೆ, ಅವುಗಳಲ್ಲಿ ಮೊದಲನೆಯದು ಹ್ಯಾಮರ್‌ನ ಫ್ಲ್ಯಾಂಜ್. ಸುಮಾರು 1.3 ಮಿ.ಮೀ. ದಪ್ಪದ ಸೆಂಟರ್ ಪಿನ್ನೊಂದು ಉಣ್ಣೆಯ ಬಟ್ಟೆಯ ಬುಷಿಂಗ್‌ನೊಳಗೆ ತಿರುಗುವ ಕೀಲು ಇದು. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಉಣ್ಣೆಯೂ ಸುತ್ತಲಿನ ಮರವೂ ಉಬ್ಬುವುದರಿಂದ ಪಿನ್ನಿನ ಮೇಲೆ ಹಿಡಿತ ಬಿಗಿಯಾಗುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದ ಹ್ಯಾಮರನ್ನು ತೂಗಲು ಬಿಟ್ಟರೆ ಅದು ಐದಾರು ಬಾರಿಯಾದರೂ ಅತ್ತಿತ್ತ ಆಡಿ ನಿಲ್ಲಬೇಕು. ನಮ್ಮದರಲ್ಲಿ ಹಲವು ಹ್ಯಾಮರ್‌ಗಳು ಒಂದೇ ತೂಗಿಗೆ ನಿಂತುಬಿಡುತ್ತಿದ್ದವು. ಆಲ್ಕೋಹಾಲ್ ಮತ್ತು ನೀರಿನ ಮಿಶ್ರಣವನ್ನು ಒಂದೊಂದೇ ಹನಿ ಬುಷಿಂಗಿಗೆ ಬಿಟ್ಟು, ಚೆನ್ನಾಗಿ ಒಣಗಲು ಬಿಟ್ಟರೆ ಉಣ್ಣೆ ಮೊದಲು ನೆನೆದು ಉಬ್ಬಿ, ಒಣಗುವಾಗ ಪಿನ್ನಿನ ಸುತ್ತ ತುಸು ಸಡಿಲವಾಗಿ ಕೂರುತ್ತದೆ. ಹೆಚ್ಚಿನವು ಇದರಿಂದಲೇ ಸರಿಹೋದವು. ಹಠ ಬಿಡದವುಗಳ ಪಿನ್ ತೆಗೆದು, ಬುಷಿಂಗನ್ನು ಸಣ್ಣ ರೀಮರ್‌ನಿಂದ ಒಂದಿಷ್ಟೇ ಸವೆಸಿ, ಹೊಸ ಪಿನ್ ಹಾಕಬೇಕಾಯಿತು. ಇಲ್ಲಿ ಅತಿಯಾಗಿ ಸಡಿಲ ಮಾಡುವುದೂ ತಪ್ಪೇ; ಪಿನ್ ಅಲುಗಾಡಿದರೆ ಹ್ಯಾಮರ್ ಪಕ್ಕಕ್ಕೆ ವಾಲಿ, ಒಂದು ಸ್ವರದ ಮೂರು ತಂತಿಗಳಲ್ಲಿ ಎರಡಕ್ಕೇ ಸರಿಯಾಗಿ ಬಡಿಯುತ್ತದೆ.

ಉಳಿದ ಘರ್ಷಣೆ ಕೀಗಳಲ್ಲೇ ಇತ್ತು. ಕೀಯ ನಡುವಿನ ಬ್ಯಾಲೆನ್ಸ್ ಪಿನ್ ಮತ್ತು ಮುಂದಿನ ಗೈಡ್ ಪಿನ್‌ಗಳನ್ನು ಹೊಳಪು ಬರುವಂತೆ ಒರೆಸಿದೆ. ಬಿಗಿಯಾಗಿದ್ದ ಬುಷಿಂಗ್‌ಗಳನ್ನು ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿದೆ. ಹ್ಯಾಮರ್‌ನ ಕಾಂಡದ ಕೆಳಗಿರುವ ಚರ್ಮ ಸುತ್ತಿದ ಉರುಳೆಯನ್ನು ಬ್ರಷ್‌ನಿಂದ ಶುಚಿಮಾಡಿ ಟೆಫ್ಲಾನ್ ಪುಡಿ ಸವರಿದೆ. ಇಷ್ಟಾದ ಮೇಲೆ ಅದೇ ಸಿ ಸ್ವರದಲ್ಲಿ ಇಳಿಯುವ ತೂಕ 50, ಏರುವ ತೂಕ 26 ಬಂತು. ಸಮತೋಲನ ಮೊದಲಿನಂತೆ 38, ಘರ್ಷಣೆ 12. ಸೀಸವನ್ನು ಮುಟ್ಟದೆಯೇ ಕೀ ಹತ್ತು ಗ್ರಾಂ ಹಗುರವಾಯಿತು. ಅಷ್ಟೇ ಅಲ್ಲ, ಮೇಲೇಳುವ ಬಲವೂ ಹತ್ತು ಗ್ರಾಂ ಹೆಚ್ಚಿತು. ಸೀಸ ತುಂಬಿಸಿದ್ದರೆ ಎರಡೂ ತೂಕಗಳು ಒಟ್ಟಿಗೆ ಇಳಿದು, ಮೊದಲೇ ಸೋಮಾರಿಯಾಗಿದ್ದ ಕೀ ಮೇಲೇಳುವುದನ್ನೇ ಮರೆಯುತ್ತಿತ್ತು.

ಘರ್ಷಣೆಯ ನಂತರ ಹೊಂದಾಣಿಕೆ. ಇಲ್ಲಿ ಕ್ರಮ ತಪ್ಪುವಂತಿಲ್ಲ, ಏಕೆಂದರೆ ಕೆಳಗಿನ ಒಂದು ಅಳತೆ ಬದಲಾದರೆ ಅದರ ಮೇಲಿನ ಎಲ್ಲ ಅಳತೆಗಳೂ ಕದಲುತ್ತವೆ. ಹ್ಯಾಮರ್‌ಗಳ ಸಾಲು ಅಂಕುಡೊಂಕಾಗಿರುವುದು ಕಣ್ಣಿಗೆ ಮೊದಲು ಬೀಳುವುದರಿಂದ ಅದನ್ನೇ ಮೊದಲು ಸರಿಮಾಡುವ ಆಸೆಯಾಗುತ್ತದೆ, ಆದರೆ ನಿಜವಾದ ಆರಂಭ ಎಲ್ಲಕ್ಕಿಂತ ಕೆಳಗಿದೆ. ಕೀಗಳನ್ನು ಹೊತ್ತ ಚೌಕಟ್ಟು ಪಿಯಾನೋದ ತಳಹಲಗೆಯ ಮೇಲೆ ಎಲ್ಲ ಕಡೆ ಸಮನಾಗಿ ಕೂರಬೇಕು. ಕೀಗಳ ನಡುಭಾಗವನ್ನು ಹೊತ್ತ ಬ್ಯಾಲೆನ್ಸ್ ರೈಲ್‌ನಲ್ಲಿರುವ ಲೋಹದ ಬೋಲ್ಟ್‌ಗಳನ್ನು ಮೇಲೆತ್ತಿ, ಚೌಕಟ್ಟಿನ ಮುಂಭಾಗವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದಾಗ ಎಡಗಡೆಯ ಮೂಲೆಯ ಹತ್ತಿರ ಟಕ್ ಎಂಬ ಟೊಳ್ಳು ಸದ್ದು ಕೇಳಿಸಿತು. ಅಲ್ಲಿನ ಸಂದನ್ನು ಸರಿಪಡಿಸಿ, ಸದ್ದು ನಿಂತ ಮೇಲೆ ಬೋಲ್ಟ್‌ಗಳನ್ನು ಒಂದೊಂದಾಗಿ ಇಳಿಸಿ, ತಳಕ್ಕೆ ತಾಗಿದರೂ ಚೌಕಟ್ಟನ್ನು ಎತ್ತದಂತೆ ನಿಲ್ಲಿಸಿದೆ. ತಂಗಿ ಹಿಂದೆ ಹೇಳುತ್ತಿದ್ದ, ಜೋರಾಗಿ ನುಡಿಸಿದರೆ ಮಂದ್ರದಲ್ಲಿ ಮರ ಬಡಿದಂತಾಗುವ ಸದ್ದು ಇಲ್ಲಿಗೆ ನಿಂತಿತು.

ಆಮೇಲೆ ಕೀಗಳ ಮಟ್ಟ. 52 ಬಿಳಿ ಕೀಗಳನ್ನು ನೇರವಾದ ಲೋಹದ ಪಟ್ಟಿಯ ಕೆಳಗೆ ಒಂದೇ ಸಾಲಿಗೆ ತರಬೇಕು. ಬ್ಯಾಲೆನ್ಸ್ ಪಿನ್ನಿನಲ್ಲಿ ಫೆಲ್ಟಿನ ಬಿಲ್ಲೆಯ ಕೆಳಗೆ ಕಾಗದದ ಬಿಲ್ಲೆಗಳನ್ನು ಸೇರಿಸುವುದು ಅಥವಾ ತೆಗೆಯುವುದು ಇದರ ವಿಧಾನ. ಆಕ್ಷನ್ನಿನ ಮೇಲಿನ ಭಾಗವನ್ನು ಬಿಚ್ಚಿಟ್ಟು ಈ ಕೆಲಸ ಮಾಡುವಾಗ ಕೀಗಳು ಮುಂದಕ್ಕೆ ಬಾಗಿಬಿಡುತ್ತವೆ; ಹ್ಯಾಮರ್ ಮತ್ತು ಅದನ್ನು ಎತ್ತುವ ವಿಪ್ಪನ್ ಎಂಬ ಭಾಗಗಳ ಭಾರವೇ ಅವುಗಳ ಹಿಂಭಾಗವನ್ನು ಕೆಳಗೆ ಹಿಡಿದಿರುತ್ತದೆ. ಆದ್ದರಿಂದ ಅಳೆಯುವ ಕೀಗಳ ಹಿಂತುದಿಗೆ ಸೀಸದ ತುಂಡುಗಳನ್ನು ಸಿಕ್ಕಿಸಿಕೊಂಡೆ. 36 ಕರಿ ಕೀಗಳಿಗೂ ಇದೇ ಕ್ರಮ, ಹೆಚ್ಚು ವಿವರಿಸಬೇಕಾದದ್ದೇನೂ ಇಲ್ಲ.

ಕೀ ಕೆಳಗಿಳಿಯುವ ಆಳಕ್ಕೆ 10 ಮಿ.ಮೀ., ಹ್ಯಾಮರ್‌ನ ತುದಿಯಿಂದ ತಂತಿಗೆ 47 ಮಿ.ಮೀ. ಎಂಬ ಗುರಿ ಇಟ್ಟುಕೊಂಡೆ. ಬಿಚ್ಚುವ ಮೊದಲು ಅಳೆದಾಗ ಈ ಎರಡನೆಯದು ಹೆಚ್ಚಿನ ಕಡೆ 49ರ ಆಸುಪಾಸಿನಲ್ಲಿತ್ತು. ಉಜ್ಜಿದ ಹ್ಯಾಮರ್‌ನ ಮೂಗು ಮೊಟಕಾಗಿ ತಂತಿಯಿಂದ ದೂರ ಸರಿದಿತ್ತು. ಕೀಯ ಕೆಳಗಿನ ಫೆಲ್ಟ್ ತಗ್ಗಿ ಅದೂ ತನ್ನ ಪಾಲು ಸೇರಿಸಿತ್ತು. ಹ್ಯಾಮರ್ ಸಾಗಬೇಕಾದ ದಾರಿ ಉದ್ದವಾಯಿತು, ಕೀಯ ಆಳ ಅಷ್ಟೇ ಉಳಿಯಿತು. ಹಾಗಾಗಿ ಹ್ಯಾಮರನ್ನು ಮೇಲಕ್ಕೆ ತಳ್ಳುವ ಜ್ಯಾಕ್ ಎಂಬ ಭಾಗ ಉರುಳೆಯ ಕೆಳಗಿನಿಂದ ಪೂರ್ತಿ ಜಾರಿಕೊಳ್ಳುವ ಮೊದಲೇ ಕೀ ತಳ ಮುಟ್ಟುತ್ತಿತ್ತು. ಪೆಟ್ಟಿನ ನಂತರ ಬೆರಳಿಗೆ ಸಿಗಬೇಕಾದ ಆ ಕೊನೆಯ ಸಣ್ಣ ಇಳಿತ ಹೀಗೆ ಕಾಣೆಯಾಗಿದ್ದರಿಂದಲೇ ಕೀ ಭಾರವೆನಿಸುತ್ತಿದ್ದದ್ದೂ ಉಂಟು, ತೂಕದ ಬಟ್ಟು ಇದನ್ನು ತೋರಿಸುವುದಿಲ್ಲ.

ಹ್ಯಾಮರ್‌ನ ಎತ್ತರವನ್ನು ಕೀಯ ಹಿಂಭಾಗದಲ್ಲಿರುವ ಕ್ಯಾಪ್‌ಸ್ಟನ್ ಸ್ಕ್ರೂ ನಿರ್ಧರಿಸುತ್ತದೆ. ಅಲ್ಲಿನ ಚಲನೆ ಹ್ಯಾಮರ್‌ನಲ್ಲಿ ಸರಿಸುಮಾರು ಹತ್ತು ಪಟ್ಟಾಗುವುದರಿಂದ ಸ್ಕ್ರೂವಿನ ಒಂದು ಸಣ್ಣ ತಿರುವೂ ಮೇಲೆ ಎದ್ದು ಕಾಣುತ್ತದೆ. ಎಲ್ಲವನ್ನೂ ಒಟ್ಟಿಗೆ ತಿರುಗಿಸಲು ಹೋಗದೆ ಪ್ರತಿ ವಿಭಾಗದ ಎರಡು ತುದಿಗಳ ಸ್ವರಗಳನ್ನು ಮಾತ್ರ ಮಾದರಿಯಾಗಿ ಪೂರ್ತಿ ಹೊಂದಿಸಿ, ಆ ಕೊನೆಯ ಇಳಿತ ಸರಿಯಿದೆಯೇ ಎಂದು ನೋಡಿಕೊಂಡೆ. ಮುಂದಿನ ಫೆಲ್ಟ್ ಬಿಲ್ಲೆಯ ಮೇಲೆ ಸುಮಾರು ಒಂದು ಮಿಲಿಮೀಟರ್ ದಪ್ಪದ ರಟ್ಟಿಟ್ಟು ಕೀಯನ್ನು ಮೆಲ್ಲಗೆ ಒತ್ತಿದಾಗ ಹ್ಯಾಮರ್ ತಪ್ಪಿಸಿಕೊಂಡೂ ತಪ್ಪಿಸಿಕೊಳ್ಳದಂತೆ ಇರಬೇಕು. ತಯಾರಕರ ಅಂಕಿಗಳನ್ನು ನಾನು ಆರಂಭದ ಬಿಂದುವೆಂದಷ್ಟೇ ನೋಡುತ್ತೇನೆ. ಸವೆದ ಹ್ಯಾಮರ್‌ಗಳಿರುವ ವಾದ್ಯದಲ್ಲಿ ಕೊನೆಯ ತೀರ್ಪು ಈ ರಟ್ಟಿನದು. ನಮ್ಮಲ್ಲಿ ಆಳ 10.2 ಮಿ.ಮೀ., ದೂರ 46.5 ಮಿ.ಮೀ. ಎಂದಾಗ ಮಾದರಿ ಸ್ವರಗಳೆಲ್ಲ ಒಂದೇ ತೆರನಾಗಿ ವರ್ತಿಸಿದವು, ಉಳಿದವನ್ನು ಅವಕ್ಕೆ ಸರಿಯಾಗಿ ಸಾಲಿಗೆ ತಂದೆ.

ಕೀಯನ್ನು ಪೂರ್ತಿ ಮೇಲೆ ಬಿಡದೆಯೇ ಸ್ವರವನ್ನು ಮತ್ತೆ ನುಡಿಸುವ ಅನುಕೂಲ ಗ್ರಾಂಡ್ ಪಿಯಾನೋಗೆ ಬಂದದ್ದು ಸೆಬಾಸ್ಟಿಯನ್ ಎರಾರ್ ರೂಪಿಸಿದ, 1821ರಲ್ಲಿ ಪೇಟೆಂಟ್ ಆದ ವ್ಯವಸ್ಥೆಯಿಂದ. ಜ್ಯಾಕ್ ಜೊತೆಗೆ ಸ್ಪ್ರಿಂಗ್ ಹೊತ್ತ ಇನ್ನೊಂದು ಲಿವರ್ ಇದ್ದು, ಪೆಟ್ಟು ಹೊಡೆದು ಬಿದ್ದ ಹ್ಯಾಮರನ್ನು ಅದು ಅರ್ಧದಲ್ಲೇ ಎತ್ತಿ ಹಿಡಿಯುತ್ತದೆ; ಆ ಸಂದಿನಲ್ಲಿ ಜ್ಯಾಕ್ ಮತ್ತೆ ಉರುಳೆಯ ಕೆಳಗೆ ನುಸುಳುತ್ತದೆ. ತಂಗಿಯ ಎರಡನೆಯ ದೂರು ಈ ಜಾಗದ್ದು. ಜ್ಯಾಕ್‌ನ ತುದಿ ಲಿವರ್‌ನ ಮೇಲ್ಮೈಗಿಂತ ಕೂದಲೆಳೆಯಷ್ಟು ಕೆಳಗಿರಬೇಕು. ನಮ್ಮಲ್ಲಿ ಹಲವು ಕಡೆ ಅದು ಮೇಲೆ ಇಣುಕುತ್ತಿದ್ದುದರಿಂದ ಮರಳಿ ನುಸುಳಲು ಜಾಗವೇ ಇರಲಿಲ್ಲ. ಜ್ಯಾಕನ್ನು ಕೈಯಿಂದ ತಪ್ಪಿಸಿದಾಗ ಹ್ಯಾಮರ್ ಕಂಡೂ ಕಾಣದಷ್ಟು ಕೆಳಗಿಳಿದರೆ ಜ್ಯಾಕ್ ಇನ್ನೂ ಎತ್ತರವಿದೆ ಎಂದರ್ಥ, ಅಲುಗದಿದ್ದರೆ ಕೆಳಗಿದೆ. ಲಿವರ್‌ನ ಬಟನ್ನನ್ನು ತಿರುಗಿಸುತ್ತಾ ಇಳಿತ ಆಗಷ್ಟೇ ನಿಲ್ಲುವ ಜಾಗದಿಂದ ತುಸು ಆಚೆಗೆ ನಿಲ್ಲಿಸಿದೆ.

ತಂತಿಗೆ ಇನ್ನೇನು ತಾಗಬೇಕೆನ್ನುವಾಗ ಹ್ಯಾಮರ್ ತಪ್ಪಿಸಿಕೊಳ್ಳುವ ಲೆಟ್-ಆಫ್ ಬಿಂದುವನ್ನು ಪಿಯಾನೋದೊಳಗೆ ಬಗ್ಗಿ ಹೊಂದಿಸುವುದು ಬೆನ್ನಿಗೂ ಕಣ್ಣಿಗೂ ಹಿಂಸೆ. ಅದಕ್ಕಾಗಿ ತಳಹಲಗೆಯಿಂದ ತಂತಿಗಳ ಎತ್ತರವನ್ನು ಪ್ರತಿ ವಿಭಾಗದಲ್ಲೂ ಅಳೆದು, ಆ ಎತ್ತರಗಳಿಗೆ ನಿಲ್ಲುವ ತೇಗದ ಪಟ್ಟಿಯೊಂದನ್ನು ಮೇಜಿನ ಮೇಲೆ ಕೂರಿಸಿಕೊಂಡೆ. ಪಟ್ಟಿಯನ್ನು ತಂತಿಯೆಂದೇ ಭಾವಿಸಿ ಮೇಲಿನ ಸ್ಥಾಯಿಯಲ್ಲಿ 1.5 ಮಿ.ಮೀ., ತಂತಿ ಹೆಚ್ಚು ಅಗಲವಾಗಿ ಕಂಪಿಸುವ ಮಂದ್ರದಲ್ಲಿ 2.5 ಮಿ.ಮೀ.ವರೆಗೆ ಬಿಟ್ಟೆ. ತಪ್ಪಿಸಿಕೊಂಡ ಹ್ಯಾಮರ್ ಅಲ್ಲಿಂದ ಇನ್ನೂ ಎರಡು ಮಿಲಿಮೀಟರಿನಷ್ಟು ಇಳಿಯುವಂತೆ ಡ್ರಾಪ್ ಸ್ಕ್ರೂ ತಿರುಗಿಸಬೇಕು. ಕೀಯನ್ನು ಅತಿ ನಿಧಾನವಾಗಿ ಒತ್ತುವಾಗ ಬೆರಳಿಗೆ ಒಂದೇ ತಡೆ ಸಿಕ್ಕಿದರೆ ಲೆಟ್-ಆಫ್ ಮತ್ತು ಡ್ರಾಪ್ ಎರಡೂ ಒಂದೇ ಕ್ಷಣದಲ್ಲಿ ಕೆಲಸ ಮಾಡುತ್ತಿವೆ ಎಂದು ತಿಳಿಯಬಹುದು. ಒಂದರ ಹಿಂದೊಂದು ಎರಡು ತಡೆ ಸಿಕ್ಕಿದರೆ ಮತ್ತೆ ಸ್ಕ್ರೂಡ್ರೈವರಿಗೆ ಕೈಹಾಕಬೇಕು.

ಜೋರಾಗಿ ನುಡಿಸಿದಾಗ ಮರಳಿ ಬೀಳುವ ಹ್ಯಾಮರನ್ನು ತಂತಿಯಿಂದ 15 ಮಿ.ಮೀ. ಕೆಳಗೆ ಹಿಡಿಯುವಂತೆ ಬ್ಯಾಕ್‌ಚೆಕ್ ಎಂಬ ತಡೆಯನ್ನು ಬಾಗಿಸಿದ ಮೇಲೆ ಸ್ಪ್ರಿಂಗ್‌ಗಳ ಸರದಿ. ಹಿಡಿದ ಹ್ಯಾಮರನ್ನು ಕೀ ತುಸು ಸಡಿಲಿಸಿ ಬಿಟ್ಟಾಗ ಅದು ಕುಪ್ಪಳಿಸದೆ, ಆದರೆ ಕಣ್ಣಿಗೆ ಕಾಣುವಂತೆ ಮೇಲೇರಬೇಕು. ಸ್ಪ್ರಿಂಗ್ ಸೋತಿದ್ದರೆ ಎರಡನೆಯ ಪೆಟ್ಟು ತಪ್ಪುತ್ತದೆ, ಹೆಚ್ಚು ಬಲವಾಗಿದ್ದರೆ ಹ್ಯಾಮರ್ ತಾನಾಗಿಯೇ ಇನ್ನೊಮ್ಮೆ ತಂತಿಗೆ ತಾಗುವುದೂ ಉಂಟು. ಇದನ್ನು ಘರ್ಷಣೆ ಇಳಿಸುವ ಮೊದಲು ಹೊಂದಿಸಿದ್ದರೆ ಅಷ್ಟೂ ಶ್ರಮ ನೀರುಪಾಲಾಗುತ್ತಿತ್ತು; ಬಿಗಿಯಾದ ಫ್ಲ್ಯಾಂಜ್‌ಗೆ ಸರಿಹೊಂದುವಂತೆ ಬಲಪಡಿಸಿದ ಸ್ಪ್ರಿಂಗ್, ಫ್ಲ್ಯಾಂಜ್ ಸಡಿಲವಾದ ಮೇಲೆ ಹ್ಯಾಮರನ್ನು ಒದೆಯಲು ತೊಡಗುತ್ತದೆ.

ಆಕ್ಷನ್ನನ್ನು ಒಳಗೆ ತಳ್ಳುವಾಗಲೂ ಹೊರಗೆಳೆಯುವಾಗಲೂ ಯಾವ ಕೀಯ ಮೇಲೂ ಕೈ ಇಡಬಾರದು ಎಂಬುದನ್ನು ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಒತ್ತಿದ ಕೀಯ ಹ್ಯಾಮರ್ ಮೇಲೆದ್ದು, ಮೇಲಿನ ಮರದ ದಿಮ್ಮಿಗೆ ಸಿಕ್ಕಿ, ಕಾಂಡ ಕಡ್ಡಿಯಂತೆ ಮುರಿಯುತ್ತದೆ.

ತಂಗಿ ಕೂತು ನುಡಿಸಿ ನೋಡಿದಳು. "ಅಣ್ಣಾ, ಹಗುರ ಆಗಿದೆ, ಅದು ಸರಿ. ಆದ್ರೆ ಮೇಲಿನ ಎಫ್ ಶಾರ್ಪ್ ಪಕ್ಕದ್ದಕ್ಕಿಂತ ಬೇಗ ಬಿಟ್ಟುಬಿಡತ್ತೆ," ಎಂದಳು. ಅಳೆದರೆ ಆ ಒಂದರ ಲೆಟ್-ಆಫ್ ಮೂರು ಮಿಲಿಮೀಟರ್ ಇತ್ತು. ಮೇಜಿನ ಮೇಲೆ ಸರಿಯಿದ್ದದ್ದು ಪಿಯಾನೋದೊಳಗೆ ಬದಲಾಗಲು ಕಾರಣ, ಆ ವಿಭಾಗದ ಅಂಚಿನಲ್ಲಿ ತಂತಿಗಳ ಎತ್ತರ ನಾನು ಅಳೆದ ಜಾಗಕ್ಕಿಂತ ತುಸು ಹೆಚ್ಚಿರುವುದು. ಅಂಚಿನ ನಾಲ್ಕೈದು ಸ್ವರಗಳನ್ನು ಒಳಗೇ ಬಗ್ಗಿ ಸರಿಮಾಡಿದೆ.

ಉಳಿದಿರುವುದು ಡ್ಯಾಂಪರ್‌ಗಳು. ಹ್ಯಾಮರ್ ತನ್ನ ಅರ್ಧ ದಾರಿ ಸಾಗಿದಾಗ ಡ್ಯಾಂಪರ್ ತಂತಿಯಿಂದ ಏಳಲು ಶುರುವಾಗಬೇಕು, ಪೆಡಲ್ ಒತ್ತಿದಾಗ ಎಲ್ಲವೂ ಒಂದೇ ಕ್ಷಣದಲ್ಲಿ ಏಳಬೇಕು. ನಮ್ಮಲ್ಲಿ ಮಂದ್ರದವು ಮೊದಲು ಎದ್ದು ಉಳಿದವು ಹಿಂಬಾಲಿಸುತ್ತಿವೆ. ಕೆಲವು ಹ್ಯಾಮರ್‌ಗಳ ನಾದ ಕರ್ಕಶವಾಗಿದ್ದರೂ ಫೆಲ್ಟಿಗೆ ಸೂಜಿ ಚುಚ್ಚಿ ಮೆದುಗೊಳಿಸುವ ಕೆಲಸವನ್ನು ಡ್ಯಾಂಪರ್ ಮುಗಿಯುವವರೆಗೆ ಮುಟ್ಟುವುದಿಲ್ಲ. ಕೋಣೆಯಲ್ಲಿ ಆರ್ದ್ರತೆಯ ಮಾಪಕ ಇಟ್ಟಿದ್ದೇನೆ. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಉಣ್ಣೆ ಕುಗ್ಗಿದಾಗ ಅದೇ ಮಾದರಿ ಸ್ವರಗಳ ತೂಕಗಳನ್ನು ಮತ್ತೆ ಅಳೆದು, ಘರ್ಷಣೆ 10ಕ್ಕಿಂತ ಕೆಳಗಿಳಿದ ಫ್ಲ್ಯಾಂಜ್‌ಗಳಿಗೆ ಅರ್ಧ ಅಳತೆ ದಪ್ಪನೆಯ ಪಿನ್ ಹಾಕುವ ಯೋಚನೆಯಿದೆ.