ಒತ್ತಕ್ಷರ ಬಾರದ ಸಂಜೆ

12 ಜನವರಿ 2025, ಭಾನುವಾರ
ವಿಜಯಪುರ

ಎಫ್ ಕೀ ಇವತ್ತು ಪೂರ್ತಿ ಕೈಕೊಟ್ಟಿತು. ವಾರದಿಂದ ಜೋರಾಗಿ ಒತ್ತಿದರೆ ಮಾತ್ರ ಬರುತ್ತಿತ್ತು. ಮೊನ್ನೆ ಬಿಚ್ಚಿ ಬ್ರಷ್‌ನಿಂದ ಧೂಳು ತೆಗೆದೆ, ಎರಡು ದಿನ ನಡೆಯಿತು. ಗಾಂಧಿ ಚೌಕದ ರಿಪೇರಿಯವರು ಕೀಬೋರ್ಡೇ ಬದಲಿಸಬೇಕು, ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ ಬರ್ರಿ ಅಂದರು.

ಇಂಗ್ಲಿಷ್‌ನಲ್ಲಾದರೆ ಹೋಗೋದು ಒಂದು ಅಕ್ಷರ. ನಾನು ಬರೆಯೋದು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ. ಅದರಲ್ಲಿ ಮ, ಎಫ್, ಮತ್ತೆ ಮ ಒತ್ತಿದರೆ ತಾನೇ ಮ್ಮ ಆಗೋದು? ಎಫ್ ಹೋದರೆ ಎಲ್ಲ ಒತ್ತೂ ಹೋದವು. ವಿಜಯಪುರ ಸರಿಯಾಗಿ ಬರುತ್ತೆ. ಹೊಲ, ಬಾವಿ, ಮಳೆ, ಜೋಳ ಕೂಡ. ಅಪ್ಪ ಮಾತ್ರ ಅಪಪ. ಅವ್ವ ಅವವ. ಅಕ್ಕ, ಅಣ್ಣ, ತಮ್ಮ, ಅಜ್ಜ, ಮನೆಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಬರೆಯುತ್ತಿದ್ದದ್ದು ಅವ್ವ ಹೇಳುವ 1972ರ ಬರದ ಸುದ್ದಿ. ಅಡುಗೆಮನೆ ಬಾಗಿಲಲ್ಲೇ ಕೂತಿದ್ದೆ. ಅವ್ವ ನಾಳೆ ಭೋಗಿಯ ಸಜ್ಜಿ ರೊಟ್ಟಿಗೆ ಎಳ್ಳು ಹಸನು ಮಾಡುತ್ತಿದ್ದಳು. ಅವಳ ಮಾತಿನ ವೇಗಕ್ಕೆ ನಾನು ಸ್ಕ್ರೀನ್ ನೋಡದೆ ಹೊಡೆದಿದ್ದೆ. ನಾಲ್ಕು ಸಾಲು ಆದ ಮೇಲೆ ನೋಡಿದರೆ ಒಂದು ಒತ್ತೂ ಇಲ್ಲ. ಅವ್ವ ಬಗ್ಗಿ ಓದಿದಳು. ‘ನನನ ಅವವ’ ಅಂತ ಇದ್ದದ್ದನ್ನು ‘ನನ್ನ ಅವ್ವ’ ಅಂತ ಸರಾಗ ಓದಿಬಿಟ್ಟಳು. ಎಲ್ಲೂ ತಡೆಯಲಿಲ್ಲ.

ಪೇಪರ್ ಓದುವಾಗ ಅವಳು ತಡವರಿಸುತ್ತಾಳೆ. ಕಣ್ಣು ಮಂಜು ಅಂತಾಳೆ. ಚಷ್ಮಾ ಎರಡು ಸಲ ಬದಲಿಸಿದ್ದೇನೆ.

“ಇದು ತಪ್ಪಾಗೇದ ಬೇ, ಹೆಂಗ ಓದಿದಿ?”

“ತಪ್ಪೇನೈತಿ? ನಾನೂ ಹಿಂಗ ಬರೀತೀನಲ್ಲ.”

ಗೋಡೆಯ ಕ್ಯಾಲೆಂಡರ್ ನೋಡಿದೆ. ಪೆನ್ಸಿಲ್‌ನಲ್ಲಿ ಅವಳ ಬರಹ: ಅಕಕಿ 5, ಬೆಲಲ 2. ವರ್ಷಗಟ್ಟಲೆ ಅದನ್ನು ನೋಡಿಕೊಂಡೇ ಕಿರಾಣಿ ತಂದಿದ್ದೇನೆ. ಅವಸರದಲ್ಲಿ ಬರೆದದ್ದು ಅಂದುಕೊಂಡಿದ್ದೆ.

“ಎರಡನೇತ್ತಾ ಇದ್ದೆ. ಕಾಗುಣಿತ ಮುಗಿದಿತ್ತು. ಇನ್ನ ಒತ್ತು ಹೇಳಿಕೊಡತೀನಿ ಅಂದಿದ್ರು ಮಾಸ್ತರು. ಬರ ಬಿತ್ತು. ನಮ್ಮವ್ವ ಖಡಿ ಒಡಿಯಾಕ ಹೋದ್ಲು. ಕೂಸಿನ್ನ ಹಿಡಕೊಂಡು ನಾ ಮನ್ಯಾಗ ಉಳದೆ.”

ಇಷ್ಟು ಹೇಳಿ ಮರ ಎತ್ತಿ ಎಳ್ಳು ಕೇರತೊಡಗಿದಳು. ನನಗೆ ಏನೂ ಕೇಳೋಕಾಗಲಿಲ್ಲ.

ರಾತ್ರಿ ದಾರಿ ಸಿಕ್ಕಿತು. ನಾನು ಬಳಸುವ ವಿಮ್ ಅನ್ನೋ ಬರವಣಿಗೆ ತಂತ್ರಾಂಶದಲ್ಲಿ ಬರೆಯುವಾಗ ಕಂಟ್ರೋಲ್ ವಿ ಒತ್ತಿ, ಯು ಒತ್ತಿ, ಸೊನ್ನೆ ಸಿ ಸಿ ಡಿ ಅಂತ ಹೊಡೆದರೆ ಬರೀ ಒತ್ತಿನ ಗುರುತು ಬರುತ್ತೆ. ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದರ ಸಂಖ್ಯೆ ಅದು. ಅದೃಷ್ಟಕ್ಕೆ ಅದರಲ್ಲಿ ಎಫ್ ಇಲ್ಲ. ಪ್ರತಿ ಒತ್ತಿಗೂ ಇಷ್ಟು ಹೊಡೆಯೋಕಾಗಲ್ಲ. ಹಾಗಾಗಿ ಒತ್ತು ಬರುವ ಕಡೆಯೆಲ್ಲ ಅರ್ಧವಿರಾಮ ಹಾಕಿಕೊಂಡು ಹೋದೆ, ಅವ್ವನ ಮಾತಿನಲ್ಲಿ ಬೇರೆ ಅರ್ಧವಿರಾಮ ಇಲ್ಲವಲ್ಲ. ಕೊನೆಗೆ ಒಂದೇ ಕಮಾಂಡ್‌ನಲ್ಲಿ ಎಲ್ಲ ಬದಲಿಸಿದರೆ ಆಯಿತು. ಸಾಲಿನೊಳಗೆ ಅಕ್ಷರಕ್ಕೆ ಹಾರುವ ಎಫ್ ಕಮಾಂಡೂ ಹೋಗಿದೆ, ಟಿ ಇಂದ ನಡೆಸುತ್ತಿದ್ದೇನೆ. ಅದು ಒಂದಕ್ಷರ ಹಿಂದೆ ನಿಲ್ಲುತ್ತೆ, ಅಷ್ಟೇ.

ಎಂಟರ್ ಒತ್ತಿದೆ. ಪುಟದ ತುಂಬ ಅಪ್ಪ, ಅವ್ವ, ಅಜ್ಜ ಎಲ್ಲರೂ ವಾಪಸ್ ಬಂದರು. ಮೊದಲಿನ ಆ ನಾಲ್ಕು ಸಾಲನ್ನು ಮಾತ್ರ ತಿದ್ದದೆ ಬೇರೆ ಫೈಲ್‌ನಲ್ಲಿ ಇಟ್ಟಿದ್ದೇನೆ.

ಅವ್ವ ಮಲಗಿದ್ದಾಳೆ. ಹಬ್ಬ ಮುಗಿದ ಮೇಲೆ ಕೇಳಬೇಕು, ಒತ್ತು ಕಲೀತೀಯಾ ಅಂತ. ಹೂಂ ಅಂದರೆ ಎಲ್ಲಿಂದ ಶುರು ಮಾಡೋದು, ಕ್ಕ ಇಂದಲೋ, ಇಲ್ಲಾ ಅವಳವ್ವನ ಹೆಸರಿನಲ್ಲೂ ಒಂದು ಒತ್ತು ಇದೆ, ಅದರಿಂದಲೇ