ಕರಣೆಗಿಂತ ಮೊದಲು ನೀರು

ಗಾರೆ ಕೆಲಸ ಕಲಿಯಲು ಬರುವ ಹುಡುಗರ ಕಣ್ಣೆಲ್ಲ ಗಾರೆ ಮೆತ್ತುವ ಕರಣೆಯ ಮೇಲೆ. ನಾವು ಅವರ ಕೈಗೆ ಕೊಡುವುದು ಸಲಿಕೆ, ಬಾಂಡ್ಲಿ, ಬಕೆಟ್ಟು. ಇದರಲ್ಲಿ ಕಲಿಯುವುದೇನಿದೆ ಎಂದು ಬೇಸರಪಟ್ಟು ವಾರದೊಳಗೆ ಬಿಟ್ಟುಹೋಗುವವರೂ ಇದ್ದಾರೆ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ದಿನಗಳಲ್ಲಿ, ತುಮಕೂರು ಕಡೆಯ ಒಂದು ಮನೆ ಕೆಲಸಕ್ಕೆ ಹೊಸ ಹುಡುಗ ಬಂದ. ಬೆಳಿಗ್ಗೆಯಿಂದ ಸಂಜೆವರೆಗೆ ಅವನಿಗೆ ಹೇಳಿಕೊಟ್ಟಿದ್ದು ನೀರಿನ ವಿಷಯ ಒಂದೇ. ಈ ಕೆಲಸಕ್ಕೆ ಬರಬೇಕೆಂದಿರುವವರಿಗೆ ಆ ಒಂದು ದಿನದ ಪಾಠ ಪೂರ್ತಿ ಗೊತ್ತಿರಲಿ.

ಮೊದಲು ಟ್ಯೂಬ್ ಲೆವೆಲ್. ಒಂದು ಮೂಲೆಯ ಮಟ್ಟವನ್ನು ಇನ್ನೊಂದು ಮೂಲೆಗೆ ಒಯ್ಯುವ ಪಾರದರ್ಶಕ ಪೈಪು ಅದು. ನೀರು ತುಂಬಿದ ಮೇಲೆ ಪೈಪನ್ನು ಉದ್ದಕ್ಕೂ ಕಣ್ಣಿಟ್ಟು ನೋಡಬೇಕು. ನಡುವೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೂ ಎರಡು ತುದಿಯ ನೀರು ಸಮ ನಿಲ್ಲುವುದಿಲ್ಲ. ಹೊಸಬರು ನೀರು ಚೆಲ್ಲದಿರಲಿ ಎಂದು ತುದಿಯನ್ನು ಹೆಬ್ಬೆಟ್ಟಿನಿಂದ ಮುಚ್ಚಿಕೊಂಡು ನಡೆಯುತ್ತಾರೆ. ನಡೆಯುವಾಗ ಮುಚ್ಚಿದರೆ ಅಡ್ಡಿಯಿಲ್ಲ, ಗುರುತು ಹಾಕುವಾಗ ಎರಡೂ ತುದಿ ತೆರೆದಿರಬೇಕು. ನೀರು ಅಲ್ಲಾಡುವುದು ನಿಂತ ಮೇಲೆಯೇ ಪೆನ್ಸಿಲ್ ಗೀರು. ಇಲ್ಲಿ ತಪ್ಪಿದ ಅರ್ಧ ಇಂಚು ಕಿಟಕಿ, ಅದರ ಮೇಲಿನ ಅಡ್ಡತೊಲೆಯಾದ ಲಿಂಟಲ್‌ವರೆಗೂ ಬೆನ್ನುಹತ್ತುತ್ತದೆ.

ಆಮೇಲೆ ಮರಳು. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳಿನ ರಾಶಿಗೆ ಹಿಂದಿನ ದಿನ ನೀರು ಬಿದ್ದಿತ್ತು. ಹಸಿ ಮರಳು ಉಬ್ಬಿಕೊಂಡಿರುತ್ತದೆ. ಅಳತೆ ಪೆಟ್ಟಿಗೆ ತುಂಬಿದಂತೆ ಕಂಡರೂ ಒಳಗಿರುವ ಮರಳು ಕಡಿಮೆ. ಹುಡುಗನಿಗೆ ಇದನ್ನು ಗಾಜಿನ ಜಾಡಿಯಲ್ಲೇ ತೋರಿಸಬೇಕಾಯಿತು. ಹಸಿ ಮರಳನ್ನು ಒತ್ತದೆ 15 ಸೆಂಟಿಮೀಟರ್ ಎತ್ತರಕ್ಕೆ ತುಂಬಿಸಿ, ನೀರು ಮುಳುಗುವಷ್ಟು ಹಾಕಿ ಕಡ್ಡಿಯಿಂದ ಕಲಕಿದಾಗ ಮರಳು 12ಕ್ಕೆ ಇಳಿಯಿತು. ಅಂದರೆ ಮೂರು ಪೆಟ್ಟಿಗೆ ಹಾಕುವಲ್ಲಿ ಮೂರೂಮುಕ್ಕಾಲು ಹಾಕಬೇಕು. ಹಾಕದಿದ್ದರೆ ಸಿಮೆಂಟು ಹೆಚ್ಚಾಗಿ ದುಡ್ಡೂ ದಂಡ, ಒಣಗುವಾಗ ಕೂದಲೆಳೆಯ ಬಿರುಕೂ ಬರುತ್ತದೆ.

50 ಕೆಜಿಯ ಒಂದು ಮೂಟೆ ಸಿಮೆಂಟು ಹೆಚ್ಚುಕಡಿಮೆ 35 ಲೀಟರ್ ಜಾಗ ಹಿಡಿಯುತ್ತದೆ. ಉದ್ದ 40, ಅಗಲ 35, ಎತ್ತರ 25 ಸೆಂಟಿಮೀಟರ್ ಇರುವ ಪೆಟ್ಟಿಗೆ ಮಾಡಿಸಿಕೊಂಡರೆ ಒಂದು ಪೆಟ್ಟಿಗೆಗೆ ಒಂದು ಮೂಟೆ ಲೆಕ್ಕ. ಬಾಂಡ್ಲಿ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಬ್ಬ ಗೋಪುರ ಮಾಡಿ ತುಂಬುತ್ತಾನೆ, ಇನ್ನೊಬ್ಬ ಅಂಚಿಗೆ ಸಮ ಸವರಿ ತುಂಬುತ್ತಾನೆ. ಆ ದಿನ ಎತ್ತಿದ್ದು 6 ಇಂಚಿನ ಬ್ಲಾಕ್ ಗೋಡೆ, ಒಂದಕ್ಕೆ ಆರು ಮಾಲು, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಕಲಸಿದ ಗಾರೆ. ಒಂದು ಸಲಕ್ಕೆ ಅರ್ಧ ಮೂಟೆಗಿಂತ ಹೆಚ್ಚು ಕಲಸಬೇಡ ಎಂದೆ, ಏಕೆಂದರೆ ನೀರು ಬಿದ್ದ ಮಾಲು ಅರ್ಧ ಗಂಟೆಯಲ್ಲಿ ಖಾಲಿಯಾಗಬೇಕು.

ಕಲಸುವುದು ತಗಡಿನ ಮೇಲೆ ಅಥವಾ ಗಟ್ಟಿ ನೆಲದ ಮೇಲೆ. ಬರಿ ಮಣ್ಣಿನ ಮೇಲಾದರೆ ನೆಲ ನೀರು ಕುಡಿಯುತ್ತದೆ, ಸಲಿಕೆಗೆ ಮಣ್ಣೂ ಬರುತ್ತದೆ. ಸಿಮೆಂಟು, ಮರಳನ್ನು ನೀರು ಹಾಕುವ ಮೊದಲೇ ಮೂರು ಸಲ ಮಗುಚಬೇಕು, ಎಲ್ಲೂ ಪಟ್ಟೆ ಕಾಣದೆ ಒಂದೇ ಬಣ್ಣ ಬರುವತನಕ. ನಡುವೆ ಗುಂಡಿ ಮಾಡಿ ಸುತ್ತ ಕಟ್ಟೆ ಕಟ್ಟಿ ನೀರು ಸ್ವಲ್ಪ ಸ್ವಲ್ಪವಾಗಿ ಹಾಕಿ, ಒಳಗಿನ ಅಂಚಿನಿಂದ ಮಾಲನ್ನು ಕೆಡವುತ್ತಾ ಹೋಗಬೇಕು. ಹುಡುಗ ಒಂದು ಬಕೆಟ್ ನೀರು ಒಮ್ಮೆಲೇ ಸುರಿದ. ಕಟ್ಟೆ ಒಡೆದು ಬೂದುಬಣ್ಣದ ನೀರು ತಗಡಿನ ಅಂಚಿನಿಂದ ಇಳಿದುಹೋಯಿತು. “ಬರೀ ನೀರು ತಾನೇ ಅಣ್ಣ?” ಎಂದ. “ಅಲ್ಲ ಕಣಪ್ಪ, ಹೋಗಿದ್ದು ಸಿಮೆಂಟಿನ ಹಾಲು. ಉಳಿದಿದ್ದು ಮರಳು” ಎಂದೆ. ಆ ಮಾಲನ್ನು ಗೋಡೆಗೆ ಕೊಡಲಿಲ್ಲ.

ಹದ ಗೊತ್ತಾಗುವುದು ಕರಣೆಯಲ್ಲಿ. ಕರಣೆ ತುಂಬ ಮಾಲು ತೆಗೆದು ಒಮ್ಮೆ ಕೆಳಕ್ಕೆ ಜಾಡಿಸಿ, ಓರೆ ಮಾಡಿ ಹಿಡಿಯಬೇಕು. ಅಂಟಿಕೊಂಡು ನಿಂತರೆ ಸರಿ. ಜಾರಿದರೆ ನೀರು ಹೆಚ್ಚು, ಪುಡಿಪುಡಿಯಾಗಿ ಉದುರಿದರೆ ಕಡಿಮೆ. ಹನ್ನೊಂದು ಗಂಟೆಯ ಬಿಸಿಲಿಗೆ ಮಾಲು ಬಿಗಿಯಾಗತೊಡಗುತ್ತದೆ. ಹೊಸ ಹುಡುಗರು ಬಹುಪಾಲು ತಪ್ಪು ಮಾಡುವುದು ಈ ಹೊತ್ತಿನಲ್ಲೇ. ಮೇಲಿಂದ ಮೇಸ್ತ್ರಿ “ಮಾಲು ಗಟ್ಟಿ” ಎಂದ ಕೂಡಲೇ ಒಂದು ಚೊಂಬು ನೀರು ಚಿಮುಕಿಸಿ ಮತ್ತೆ ಕಲಸುತ್ತಾರೆ. ಕೈಗೆ ಮೆತ್ತಗೆ ಸಿಗುತ್ತದೆ, ಆದರೆ ಸಿಮೆಂಟು ಕಟ್ಟಿಕೊಳ್ಳಲು ಶುರುಮಾಡಿದ ಹಿಡಿತವನ್ನು ನಾವೇ ಕೈಯಾರೆ ಮುರಿದಂತೆ. ಅಂಥ ಮಾಲು ತುಂಬಿದ ಬ್ಲಾಕುಗಳ ನಡುವಿನ ಸಂದನ್ನು ತಿಂಗಳಾದ ಮೇಲೂ ಮೊಳೆಯಿಂದ ಕೆರೆದು ತೆಗೆಯಬಹುದು. ಬಿಗಿದುಹೋದ ಮಾಲನ್ನು ಪಕ್ಕಕ್ಕೆ ಎಸೆಯಲು ಹುಡುಗರಿಗೆ ಮೇಸ್ತ್ರಿ ಧೈರ್ಯ ಕೊಡಬೇಕು. ಬೈದರೆ ಅವರು ನೀರು ಹಾಕಿಯೇ ಹಾಕುತ್ತಾರೆ.

ಇಟ್ಟಿಗೆಗೂ ಬ್ಲಾಕಿಗೂ ನೀರಿನ ರೀತಿ ಬೇರೆ. ಸುಟ್ಟ ಇಟ್ಟಿಗೆಯನ್ನು ಗುಳ್ಳೆ ಬರುವುದು ನಿಲ್ಲುವತನಕ ತೊಟ್ಟಿಯಲ್ಲಿ ನೆನೆಸಬೇಕು. ಇಲ್ಲದಿದ್ದರೆ ಮಾಲಿನ ನೀರನ್ನೆಲ್ಲ ಅದೇ ಹೀರಿಕೊಂಡು ಸಂದು ಪುಡಿಯಾಗುತ್ತದೆ. ಕಾಂಕ್ರೀಟ್ ಬ್ಲಾಕನ್ನು ಹಾಗೆ ನೆನೆಸಬಾರದು. ನೀರು ಕುಡಿದರೆ ಸ್ವಲ್ಪ ಹಿಗ್ಗುತ್ತದೆ, ಗೋಡೆಯಲ್ಲಿ ಒಣಗುವಾಗ ಕುಗ್ಗುತ್ತದೆ, ಸಂದಿನ ಗುಂಟ ಮೆಟ್ಟಿಲಿನಂತೆ ಬಿರುಕು ಬಿಡುತ್ತದೆ. ಮಾಲು ಕೂರುವ ಮುಖಗಳಿಗೆ ನೀರು ಸವರಿದರೆ ಸಾಕು. ಈ ಬ್ಲಾಕು ಒಂದೊಂದೂ 20 ಕೆಜಿ ದಾಟುತ್ತದೆ. ಸೊಂಟ ಬಗ್ಗಿಸಿ ಎತ್ತದೆ ಮಂಡಿ ಮಡಚಿ ಎತ್ತುವುದನ್ನು ಮೊದಲ ದಿನವೇ ರೂಢಿಸಿಕೊಳ್ಳಬೇಕು.

ಮಧ್ಯಾಹ್ನ ಊಟಕ್ಕೆ ಕೂತಾಗ ಹುಡುಗನ ಬೆರಳ ಸಂದು ಕೆಂಪಗಾಗಿತ್ತು. ಹಸಿ ಸಿಮೆಂಟಿನಲ್ಲಿ ಸುಣ್ಣದ ಗುಣವಿದೆ, ಚರ್ಮ ಸುಡುತ್ತದೆ. ರಬ್ಬರ್ ಗ್ಲೌಸ್, ಗಮ್ ಬೂಟ್ ಬೇಕೇ ಬೇಕು. ಕಣ್ಣಿಗೆ ಸಿಡಿದರೆ ಉಜ್ಜದೆ, ಒಳ್ಳೆಯ ನೀರಿನಲ್ಲಿ 20 ನಿಮಿಷ ಬಿಡದೆ ತೊಳೆದು ಡಾಕ್ಟರ ಬಳಿ ಓಡಬೇಕು. ಅದಕ್ಕೆಂದೇ ಒಂದು ಕ್ಯಾನ್ ಕುಡಿಯುವ ನೀರು ಬೇರೆಯಾಗಿ ಇಟ್ಟಿರುತ್ತೇವೆ.

ಅವನಿಗೆ ಒಂದು ನೋಟ್‌ಬುಕ್ಕನ್ನೂ ತರಲು ಹೇಳಿದೆ. ತಾರೀಖು, ಜಾಗ, ಕೆಲಸ ಬರೆದಿಡಲಿ. 18 ತುಂಬಿದವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ ಲೇಬರ್ ಕಾರ್ಡ್ ಪಡೆಯಬಹುದು. ದೊಡ್ಡ ಕಂಪನಿಗೆ ಅಪ್ರೆಂಟಿಸ್ ಆಗಿ ಹೋಗುವವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಣಿಯಾಗಿದೆಯೇ ಎಂದು ಕೇಳಿಯೇ ಸೇರಬೇಕು. ತಿಂಗಳ ಸ್ಟೈಪೆಂಡಿಗೆ ಅದೇ ಆಧಾರ.

ಐದು ವರಸೆಗೆ, ಅಂದರೆ ಬ್ಲಾಕಿನ ಐದು ಸಾಲಿಗೆ, ಸುಮಾರು ಮೂರೂವರೆ ಅಡಿಗೆ, ಆ ದಿನದ ಗೋಡೆ ನಿಲ್ಲಿಸಿದೆವು. ಇನ್ನೂ ಏರಿಸಿದರೆ ಕೆಳಗಿನ ಹಸಿ ಸಂದು ಭಾರಕ್ಕೆ ಹಿಸುಕಿ ಗೋಡೆ ನೇರ ತಪ್ಪುತ್ತದೆ. ಹುಡುಗ ಪೈಪು ಹಿಡಿದು ನೀರು ಹೊಡೆಯಲು ಬಂದ. ಸಂದಿಗೆ ಉಗುರು ಒತ್ತಿ ನೋಡು ಎಂದೆ. ಮೇಲಿನ ವರಸೆಯಲ್ಲಿ ಉಗುರು ಇಳಿಯಿತು. ಈಗ ಹೊಡೆದರೆ ಮಾಲು ತೊಳೆದುಹೋಗುತ್ತದೆ. ನಾಳೆ ಬೆಳಿಗ್ಗೆಯಿಂದ, ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದು ಚಿಮುಕಿಸುತ್ತಾ, ಏಳು ದಿನ ಗೋಡೆ ಒಣಗಲು ಬಿಡಬಾರದು. ಸಲಿಕೆ, ಕರಣೆ ತೊಳೆದು, ಮರಳಿಗೆ ಟಾರ್ಪಾಲ್ ಹೊದೆಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವನ ಕೈಯಿಂದಲೇ ಆ ದಿನದ ತಾರೀಖು ಬರೆಸಿದೆ.